ತಿಗಣೆ ಹೋಗಿ ನಾಲ್ಕು ತಿಂಗಳಾಯಿತು, ರಾತ್ರಿಯ ಟಾರ್ಚ್ ಇನ್ನೂ ಆರಿಲ್ಲ

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರ. ನನಗೆ 36 ವರ್ಷ, ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಶಿವಮೊಗ್ಗದಲ್ಲಿ ಬಾಡಿಗೆ ಮನೆ. ಯಜಮಾನರು, ಏಳು ವರ್ಷದ ಮಗಳು, ಅತ್ತೆ ಇದ್ದಾರೆ. ಡಿಸೆಂಬರಿನಲ್ಲಿ ಪರಿಚಯದವರಿಂದ ಒಂದು ಹಳೆಯ ದಿವಾನ್ ತಂದೆವು. ಜನವರಿಯಲ್ಲಿ ಮಗಳ ಬೆನ್ನ ಮೇಲೆ ಸಾಲಾಗಿ ಗುಳ್ಳೆ ಎದ್ದವು. ಸೊಳ್ಳೆ ಅಂದುಕೊಂಡೆವು. ಒಂದು ರಾತ್ರಿ ದಿಂಬು ಎತ್ತಿದರೆ ತಿಗಣೆ! ದಿವಾನ್ ಹೊರಗೆ ಹಾಕಿದೆವು. ಪೆಸ್ಟ್ ಕಂಟ್ರೋಲ್‌ನವರು ಎರಡು ಸಲ ಬಂದು ಔಷಧ ಹೊಡೆದರು. ಫೆಬ್ರವರಿ ಕೊನೆಯಿಂದ ಒಂದೂ ಕಂಡಿಲ್ಲ. ಈಗ ಜೂನ್ ಮುಗಿಯುತ್ತಿದೆ.

ಆದರೂ ನನಗೆ ದಿನಾ ರಾತ್ರಿ ಎರಡೂವರೆಗೆ ಎಚ್ಚರವಾಗುತ್ತದೆ. ಫೋನಿನ ಟಾರ್ಚ್ ಹಾಕಿ ಮಗಳ ಹಾಸಿಗೆ, ದಿಂಬಿನ ಹೊಲಿಗೆ, ಮಂಚದ ಸಂದು ಎಲ್ಲ ನೋಡುತ್ತೇನೆ. ಏನೂ ಇರುವುದಿಲ್ಲ. ಮತ್ತೆ ಮಲಗಿದರೆ ಕಾಲ ಮೇಲೆ ಏನೋ ಹರಿದ ಹಾಗೆ ಆಗುತ್ತದೆ. ಅವರು, ಮಗಳು, ಅತ್ತೆ ಎಲ್ಲ ಮಂಚದ ಮೇಲೇ ಮಲಗುತ್ತಾರೆ. ನಾನು ಮಾತ್ರ ಹಾಲ್‌ನಲ್ಲಿ ಚಾಪೆ ಹಾಕಿಕೊಂಡು ಮಲಗುತ್ತೇನೆ. ಪ್ರತಿ ಶನಿವಾರ ಅಂಗಡಿಯ ಸ್ಪ್ರೇ ತಂದು ಮಂಚಕ್ಕೆ ಹೊಡೆಯುತ್ತೇನೆ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತೇ ಹೋಗುತ್ತೇನೆ. ಹೋದ ವಾರ ಕೈ ಮೇಲೆ ಎರಡು ಗುಳ್ಳೆ ಕಂಡು ಆ ದಿನ ಊಟ ಸೇರಲಿಲ್ಲ. ಪಂಚಮಿಗೆ ಕರೆಯಲು ಬರುತ್ತೇನೆ ಅಂತ ಹಾವೇರಿಯಿಂದ ಅಣ್ಣ ಫೋನ್ ಮಾಡಿದ್ದ. ಅವ್ವನ ಮನೆಗೆ ನಾನೇ ತಿಗಣೆ ಒಯ್ದರೆ ಅಂತ ಬೇಡ ಅಂದೆ. "ತಿಗಣೆ ಮನೆಯಲ್ಲಿಲ್ಲ, ನಿನ್ನ ತಲೆಯಲ್ಲಿದೆ" ಅನ್ನುತ್ತಾರೆ ನಮ್ಮವರು.

ತಿಗಣೆ ನಿಜವಾಗಿ ಹೋಗಿದೆಯಾ? ಊಟವಿಲ್ಲದೆ ಒಂದು ವರ್ಷ ಬದುಕುತ್ತದಂತೆ, ಹೌದಾ? ಹಾಸಿಗೆಯೆಲ್ಲ ಎಸೆದು ಮನೆ ಬದಲಾಯಿಸಿದರೆ ಒಳ್ಳೆಯದಾ? ನನಗೆ ಹುಚ್ಚು ಹಿಡಿಯುತ್ತಿದೆಯಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾಲ್ಕು ಪ್ರಶ್ನೆ ಕೇಳಿದ್ದೀರಿ. ಮೂರು ತಿಗಣೆಯ ಬಗ್ಗೆ, ಒಂದು ನಿಮ್ಮ ಬಗ್ಗೆ. ನಿಮ್ಮ ಬಗ್ಗೆ ಕೇಳಿದ್ದು ಕೊನೆಯಲ್ಲಿ, ಒಂದೇ ಸಾಲಿನಲ್ಲಿ. ನನ್ನ ಲೆಕ್ಕದಲ್ಲಿ ಅದೇ ಮೊದಲನೆಯದು. ಆದರೂ ತಿಗಣೆಯಿಂದಲೇ ಶುರು ಮಾಡುತ್ತೇನೆ. ಆ ವಿಷಯ ಇತ್ಯರ್ಥವಾಗದೆ ಮುಂದಿನ ಮಾತು ನಿಮ್ಮ ಕಿವಿಗೆ ಬೀಳುವುದಿಲ್ಲ ಅಂತ ಗೊತ್ತು.

ನಾನು ಕೀಟತಜ್ಞೆಯಲ್ಲ, ಮನೋವೈದ್ಯೆ. ಆದರೆ ತಿಗಣೆ ಕಾಟ ಮುಗಿದ ಮೇಲೂ ನಿದ್ದೆ ಬಾರದೆ ಬರುವವರು ನನ್ನ ಹತ್ತಿರ ಆಗಾಗ ಬರುತ್ತಾರೆ. ಪಿಜಿಯಲ್ಲಿರುವ ಹುಡುಗರು, ಹಾಸ್ಟೆಲಿನ ಹುಡುಗಿಯರು, ನಿಮ್ಮಂಥ ತಾಯಂದಿರು. ಅವರಿಗಾಗಿಯೇ ಈ ಹುಳದ ಬಗ್ಗೆ ಓದಿಕೊಂಡೆ, ಔಷಧ ಹೊಡೆಯುವವರ ಹತ್ತಿರ ಕೂತು ಕೇಳಿ ತಿಳಿದುಕೊಂಡೆ.

ಒಂದು ವರ್ಷ ಉಪವಾಸ ಇರುತ್ತದೆ ಅನ್ನುವುದು ಪೂರ್ತಿ ಸುಳ್ಳಲ್ಲ. ಚಳಿ ಇರುವ ಕಡೆ, ಖಾಲಿ ಮನೆಯಲ್ಲಿ, ತಿಗಣೆ ತಿಂಗಳುಗಟ್ಟಲೆ ಸುಮ್ನೆ ಬಿದ್ದಿರಬಲ್ಲದು. ವರ್ಷ ದಾಟಿದ್ದೂ ಇದೆ. ನಮ್ಮ ಸೆಕೆಯಲ್ಲಿ ಅಷ್ಟು ದಿನ ತಡೆಯುವುದಿಲ್ಲ. ಬಿಸಿ ಜಾಸ್ತಿಯಾದಷ್ಟೂ ಅದರ ಮೈ ಬೇಗ ಒಣಗುತ್ತದೆ, ಕೂಡಿಟ್ಟ ಶಕ್ತಿ ಬೇಗ ಕರಗುತ್ತದೆ. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದು. ತಿಗಣೆ ಉಪವಾಸ ಮಾಡುವುದು ಊಟ ಸಿಗದಿದ್ದಾಗ. ನಿಮ್ಮ ಮಂಚದ ಮೇಲೆ ದಿನಾ ಜನ ಮಲಗುತ್ತಿದ್ದಾರೆ. ಬೆಚ್ಚನೆಯ ಮೈ, ಉಸಿರಿನ ಗಾಳಿ, ಅದಕ್ಕೆ ಬೇಕಾದ್ದೆಲ್ಲ ಮಾರು ದೂರದಲ್ಲಿದೆ. ಅಂಥ ಕಡೆ ಅದು ನಾಲ್ಕು ತಿಂಗಳು ವ್ರತ ಹಿಡಿದು ಕೂರುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆ ಒಡೆಯಲು ಒಂದು ವಾರ, ಹತ್ತು ದಿನ ಸಾಕು. ಮೊಟ್ಟೆಯಿಂದ ಬಂದ ಮರಿ ದೊಡ್ಡದಾಗುವುದರೊಳಗೆ ಐದು ಸಲ ಪೊರೆ ಕಳಚಬೇಕು. ಪ್ರತಿ ಸಲ ಕಳಚುವ ಮೊದಲು ಒಮ್ಮೆ ರಕ್ತ ಕುಡಿಯಲೇಬೇಕು. ಒಂದೂವರೆ ಎರಡು ತಿಂಗಳಲ್ಲಿ ಅದೂ ಮೊಟ್ಟೆ ಇಡುವಷ್ಟು ಬೆಳೆಯುತ್ತದೆ. ಫೆಬ್ರವರಿಯಲ್ಲಿ ನಾಲ್ಕು ಮೊಟ್ಟೆ ಉಳಿದಿದ್ದವು ಅಂದುಕೊಳ್ಳಿ. ಇಷ್ಟು ಹೊತ್ತಿಗೆ ಎರಡು ತಲೆಮಾರು ಆಗಿರಬೇಕಿತ್ತು. ಗುರುತು ಬಿಡದೆ ಅಷ್ಟು ಹುಳ ಇರಲು ಆಗುವುದಿಲ್ಲ. ರಕ್ತ ಕುಡಿದ ತಿಗಣೆ ಪೆನ್ನಿನ ಮಸಿ ತಾಗಿದಂಥ ಕಪ್ಪು ಚುಕ್ಕಿ ಬಿಡುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅದು ಕಂದಾಗಿ ಹರಡುತ್ತದೆ. ಕಳಚಿದ ಪೊರೆ ಹುರಿಗಾಳಿನ ಸಿಪ್ಪೆಯ ಹಾಗೆ ಹಾಸಿಗೆಯ ಹೊಲಿಗೆಯಲ್ಲಿ ಸಿಗುತ್ತದೆ. ಮೊಟ್ಟೆ ರವೆ ಕಾಳಿನಷ್ಟು, ಬೆಳ್ಳಗೆ, ಸಂದಿಗೆ ಅಂಟಿರುತ್ತದೆ. ದಿನಾ ಟಾರ್ಚ್ ಹಾಕಿ ಹುಡುಕಿದ ನಿಮಗೆ ಇದರಲ್ಲಿ ಒಂದೂ ಸಿಕ್ಕಿಲ್ಲ.

ನೂರಕ್ಕೆ ನೂರು ಇಲ್ಲ ಅಂತ ಬರೆದುಕೊಡಿ ಅಂದರೆ ನನ್ನಿಂದಾಗದು. ಪೆಸ್ಟ್ ಕಂಟ್ರೋಲ್‌ನವರಿಂದಲೂ ಆಗದು. ಆದರೆ ಎರಡು ಸಲ ಔಷಧ ಬಿದ್ದು, ಮೂರು ತಿಂಗಳು ದಾಟಿ, ಜನ ಮಲಗುವ ಮಂಚದಲ್ಲಿ ಒಂದು ಗುರುತೂ ಇಲ್ಲದಿದ್ದರೆ ಆ ಮನೆಯಲ್ಲಿ ತಿಗಣೆ ಇಲ್ಲ ಅಂತಲೇ ಲೆಕ್ಕ. ನನ್ನ ಮನೆಯಾಗಿದ್ದರೆ ನಾನು ಮಂಚದ ಮೇಲೇ ಮಲಗುತ್ತಿದ್ದೆ.

ಹಾಗಾದರೆ ಕೈ ಮೇಲಿನ ಗುಳ್ಳೆ? ಗುಳ್ಳೆ ನೋಡಿ ಯಾವ ಹುಳ ಕಚ್ಚಿದ್ದು ಅಂತ ಹೇಳುವುದು ಚರ್ಮದ ಡಾಕ್ಟರಿಗೂ ಕಷ್ಟ. ತಿಗಣೆ ಕಚ್ಚಿದರೂ ಕೆಲವರ ಮೈಯಲ್ಲಿ ಏನೂ ಏಳುವುದಿಲ್ಲ. ಕೆಲವರಿಗೆ ವಾರ ಎರಡು ವಾರ ಬಿಟ್ಟು ಏಳುತ್ತದೆ. ಮಲೆನಾಡಿನ ಬಾಗಿಲಲ್ಲಿ, ಮಳೆ ಶುರುವಾದ ಜೂನಿನಲ್ಲಿ ಎರಡು ಗುಳ್ಳೆಗೆ ಸೊಳ್ಳೆಯೇ ಸಾಕಲ್ವಾ? ಹಾಗಾಗಿ ಚರ್ಮವನ್ನು ಸಾಕ್ಷಿ ಮಾಡಿಕೊಳ್ಳಬೇಡಿ. ಹಾಸಿಗೆಯನ್ನು ಮಾಡಿಕೊಳ್ಳಿ.

ನೀವು ಬಾಯಿಬಿಟ್ಟು ಕೇಳದ, ಆದರೆ ಮನಸ್ಸಿನಲ್ಲಿರಬಹುದಾದ ಇನ್ನೊಂದಿಷ್ಟು ಮಾತು. ತಿಗಣೆ ಕಚ್ಚಿ ಕಾಯಿಲೆ ಹರಡಿದ್ದಕ್ಕೆ ಪುರಾವೆ ಇಲ್ಲ. ನವೆ, ಕೆರೆದು ಆಗುವ ಹುಣ್ಣು, ನಿದ್ದೆಗೇಡು, ಅಷ್ಟೇ ಅದರ ಕೇಡು. ಅದಕ್ಕೆ ರೆಕ್ಕೆ ಇಲ್ಲ, ಜಿಗಿಯಲೂ ಬಾರದು. ಹೇನಿನ ಹಾಗೆ ತಲೆಯಲ್ಲಿ, ಮೈಯಲ್ಲಿ ಮನೆ ಮಾಡುವುದಿಲ್ಲ. ಕಚ್ಚಿ ಮುಗಿಸಿ ಸಂದಿಗೆ ಓಡುತ್ತದೆ. ನೀವು ನಡೆದಾಡುವಾಗ ನಿಮ್ಮ ಸೀರೆಯ ಮೇಲೆ ಕೂತು ಸವಾರಿ ಮಾಡುವ ಜಾತಿಯಲ್ಲ. ಅದು ಊರೂರು ಸುತ್ತುವುದು ಹಳೇ ಮಂಚ, ಹಾಸಿಗೆ, ನೆಲದ ಮೇಲಿಟ್ಟ ಬ್ಯಾಗು, ಇಂಥವುಗಳಲ್ಲಿ.

ಇನ್ನು ಕೊಳಕು ಮನೆಗೆ ತಿಗಣೆ ಬರುತ್ತದೆ ಅನ್ನುವ ಮಾತು. ನಮ್ಮಲ್ಲಿ ಜಾಸ್ತಿ ನೋವು ಕೊಡುವುದು ಇದೇ. ಪಕ್ಕದ ಮನೆಯವರಿಗೆ ಗೊತ್ತಾದರೆ, ಓನರ್‌ಗೆ ಗೊತ್ತಾದರೆ ಅಂತ ಜನ ಕಿಟಕಿ ಮುಚ್ಚಿಕೊಂಡು ಒಳಗೇ ಬೇಯುತ್ತಾರೆ. ತಿಗಣೆಗೆ ಬೇಕಾದ್ದು ರಕ್ತ. ಕಸ ಅದಕ್ಕೆ ಬೇಡ. ಸಾಮಾನು ಒತ್ತೊತ್ತಾಗಿದ್ದರೆ ಅಡಗಲು ಜಾಗ ಜಾಸ್ತಿ ಸಿಗುತ್ತದೆ, ಅಷ್ಟೇ ವ್ಯತ್ಯಾಸ. ಔಷಧಕ್ಕೂ ಅದು ಬಗ್ಗುತ್ತಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಡಿಡಿಟಿ ಬಂದಾಗ ತಿಗಣೆ ಕಥೆ ಮುಗಿಯಿತು ಅಂದುಕೊಂಡಿದ್ದರು. 1940ರ ದಶಕ ಮುಗಿಯುವ ಮೊದಲೇ ಡಿಡಿಟಿಗೆ ಸಾಯದ ತಿಗಣೆಗಳು ಹವಾಯಿಯಲ್ಲಿ ಕಂಡವು. ಈಗ ಅಂಗಡಿಯಲ್ಲಿ ಸಿಗುವ ಸ್ಪ್ರೇಗಳಿಗೂ ಅದೇ ಗತಿ. ಲಕ್ಷ್ಮಿ ತಾವರೆಯಲ್ಲಿ, ಶಿವ ಹಿಮಾಲಯದಲ್ಲಿ, ವಿಷ್ಣು ಹಾಲುಗಡಲಿನಲ್ಲಿ ಮಲಗುವುದು ತಿಗಣೆಯ ಭಯಕ್ಕೇ ಇರಬೇಕು ಅಂತ ಹಳೆಯ ಸಂಸ್ಕೃತ ಸುಭಾಷಿತವೊಂದಿದೆ. ಅಷ್ಟು ಹಳೆಯದು ಈ ಕಾಟ. ನಾನು ಓದಿದ ಹಾಸ್ಟೆಲಿನಲ್ಲೂ ಇತ್ತು. ಭಾನುವಾರ ಮಂಚ ಹೊರಗೆ ತಂದು ಸಂದುಗಳಿಗೆ ಕುದಿಯುವ ನೀರು ಸುರಿಯುವುದು ನಮ್ಮ ಪಾಳಿಯ ಕೆಲಸವಾಗಿತ್ತು. ಮನೆಗೆ ಬರೆಯುವ ಕಾಗದದಲ್ಲಿ ನಾನೂ ಅದನ್ನು ಬರೆದವಳಲ್ಲ.

ಈಗ ಕಾಲ ಮೇಲೆ ಹರಿದಾಡುವುದರ ವಿಷಯ. ನೀವು ಟೀಚರ್. ಕ್ಲಾಸಿನಲ್ಲಿ ಒಬ್ಬಳ ತಲೆಯಲ್ಲಿ ಹೇನು ಇದೆ ಅಂತ ಹೇಳಿ ನೋಡಿ. ನಲವತ್ತು ಕೈ ನಲವತ್ತು ತಲೆಗೆ ಹೋಗುತ್ತವೆ. ನಿಮ್ಮ ಕೈಯೂ ಹೋಗುತ್ತದೆ. ಇದನ್ನು ಓದುತ್ತಾ ಈಗಾಗಲೇ ಎಲ್ಲೋ ಒಮ್ಮೆ ಕೆರೆದುಕೊಂಡಿರುತ್ತೀರಿ. ನಮ್ಮ ಚರ್ಮ ದಿನವಿಡೀ ಸಾವಿರ ಸಣ್ಣ ಸುದ್ದಿ ಕಳಿಸುತ್ತಿರುತ್ತದೆ. ಫ್ಯಾನ್ ಗಾಳಿಗೆ ರೋಮ ಅಲುಗಿದ್ದು, ಬೆವರು ಇಳಿದದ್ದು, ಹೊದಿಕೆಯ ದಾರ ತಾಗಿದ್ದು. ಮಿದುಳು ಅವನ್ನೆಲ್ಲ ಬೇಡದ್ದು ಅಂತ ಬದಿಗೆ ಸರಿಸುತ್ತದೆ. ಒಮ್ಮೆ ಮೈಮೇಲೆ ನಿಜವಾಗಿ ಹುಳ ಹರಿದ ಮೇಲೆ ಅದು ಬದಿಗೆ ಸರಿಸುವುದನ್ನು ನಿಲ್ಲಿಸುತ್ತದೆ. ಪ್ರತಿ ಸುದ್ದಿಯನ್ನೂ ನಿಮಗೆ ತಲುಪಿಸುತ್ತದೆ. ಹಾಗಾಗಿ ನಿಮಗೆ ಹರಿದ ಹಾಗೆ ಅನ್ನಿಸುವುದು ಸುಳ್ಳಲ್ಲ. ಚರ್ಮದಲ್ಲಿ ಏನೋ ಆಗಿರುವುದು ನಿಜ. ಅದು ತಿಗಣೆ ಅನ್ನುವುದು ಮಾತ್ರ ಮಿದುಳು ಸೇರಿಸಿದ್ದು.

ಇಲ್ಲಿ ಒಂದು ವಿಷಯ ಗಮನಿಸಿ ಓದಿ. ಶನಿವಾರದ ಸ್ಪ್ರೇ. ಮನೆ ಬಳಕೆಯ ಇಂಥ ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಇರುವುದು ಪೈರೆಥ್ರಾಯ್ಡ್ ಗುಂಪಿನ ಔಷಧ. ಅದು ಚರ್ಮಕ್ಕೆ ತಾಗಿದರೆ ಜುಮುಜುಮು ಅನ್ನುತ್ತದೆ, ಉರಿಯುತ್ತದೆ, ಇರುವೆ ಹರಿದ ಹಾಗೆ ಆಗುತ್ತದೆ. ಹುಳದ ಭಯಕ್ಕೆ ಹೊಡೆಯುವ ಔಷಧವೇ ಹುಳ ಹರಿದ ಹಾಗೆ ಮಾಡುತ್ತಿರಬಹುದು. ಎಷ್ಟೋ ಜನರಿಗೆ ಸ್ಪ್ರೇ ನಿಲ್ಲಿಸಿ, ಹಾಸು ಹೊದಿಕೆ ಒಗೆದ ಮೇಲೆ ಅರ್ಧ ಕಷ್ಟ ಇಳಿದದ್ದನ್ನು ನೋಡಿದ್ದೇನೆ. ಜೊತೆಗೆ ರಕ್ತ ಪರೀಕ್ಷೆಯನ್ನೂ ಮಾಡಿಸಿ. ಕಬ್ಬಿಣದ ಅಂಶ, ಬಿ12, ಥೈರಾಯ್ಡ್, ಸಕ್ಕರೆ. ಇವುಗಳಲ್ಲಿ ಏರುಪೇರಾದರೂ ಕಾಲು ಜೋಮು ಹಿಡಿಯುತ್ತದೆ, ಹರಿದಾಡಿದ ಹಾಗೆ ಆಗುತ್ತದೆ. ನಿಮ್ಮ ವಯಸ್ಸಿನ ಹೆಂಗಸರಲ್ಲಿ ಕಬ್ಬಿಣ ಕಡಿಮೆ ಇರುವುದು ತುಂಬಾ ಸಾಮಾನ್ಯ. ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವುದು ನಾವು ವೈದ್ಯರು ಮಾಡುವ ತಪ್ಪು.

ಹುಚ್ಚು ಹಿಡಿಯುತ್ತಿದೆಯಾ ಅಂತ ಕೇಳಿದ್ದೀರಿ. ಇಲ್ಲ. ಯಾಕೆ ಇಲ್ಲ ಅನ್ನುತ್ತೇನೆ ಅಂತ ಹೇಳುತ್ತೇನೆ, ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ ಇದು. ಮೈಯಲ್ಲಿ ಹುಳ ಸೇರಿದೆ ಅಂತ ಗಟ್ಟಿಯಾಗಿ ನಂಬಿಬಿಡುವ ಒಂದು ಕಾಯಿಲೆ ಇದೆ. ಸ್ವೀಡನ್ನಿನ ವೈದ್ಯ ಎಕ್‌ಬೋಮ್ 1938ರಲ್ಲೇ ಅದರ ಬಗ್ಗೆ ವಿವರವಾಗಿ ಬರೆದಿದ್ದಾರೆ. ಆ ರೋಗಿಗಳು ಬೆಂಕಿಪೊಟ್ಟಣದಲ್ಲಿ ದಾರ, ಧೂಳು, ಒಣಗಿದ ಚರ್ಮದ ಹೊಟ್ಟು ತಂದು "ಇಗೋ ಹುಳ" ಅಂತ ತೋರಿಸುತ್ತಾರೆ. ಈಗ ಫೋನಿನಲ್ಲಿ ಫೋಟೋ ತರುತ್ತಾರೆ. ಇಲ್ಲ ಅಂತ ಯಾರು ಹೇಳಿದರೂ ಒಪ್ಪುವುದಿಲ್ಲ. ನಿಮಗಿರುವುದು ಅನುಮಾನ. "ಹೋಗಿದೆಯಾ?" ಅಂತ ನೀವು ನನ್ನನ್ನು ಕೇಳಿದಿರಲ್ಲ, ಆ ಪ್ರಶ್ನೆಯಲ್ಲೇ ಉತ್ತರ ಇದೆ. ಆ ಕಾಯಿಲೆಯವರು ಹಾಗೆ ಕೇಳುವುದೇ ಇಲ್ಲ.

ನಿಮಗಾಗಿರುವುದು ಬೇರೆ. ಜನವರಿಯಲ್ಲಿ ನಿಮ್ಮ ಮನಸ್ಸು ಒಬ್ಬ ಕಾವಲುಗಾರನನ್ನು ನೇಮಿಸಿತು. ಮಗಳ ಬೆನ್ನು ನೋಡಿದ ಮೇಲೆ ಯಾವ ತಾಯಿಯ ಮನಸ್ಸಾದರೂ ನೇಮಿಸುತ್ತದೆ. ಕಳ್ಳ ಹೋದ. ಕಾವಲುಗಾರನಿಗೆ ಯಾರೂ ಹೇಳಲಿಲ್ಲ. ಅವನು ದಿನಾ ಎರಡೂವರೆಗೆ ಬಾಗಿಲು ಬಡಿಯುತ್ತಾನೆ, ನೀವು ಟಾರ್ಚ್ ಹಿಡಿದು ಏಳುತ್ತೀರಿ.

ಆ ಟಾರ್ಚಿನಿಂದ ಏನಾಗುತ್ತದೆ ಗೊತ್ತಾ? ನೋಡಿದ ತಕ್ಷಣ ಹತ್ತು ನಿಮಿಷ ನೆಮ್ಮದಿ. ಆಮೇಲೆ "ಆ ಮೂಲೆ ಸರಿಯಾಗಿ ನೋಡಿದೆನಾ?" ಅಂತ ಶುರು. ನೂರು ರಾತ್ರಿ ನೋಡಿ ನೂರು ಸಲವೂ ಏನೂ ಸಿಗದಿದ್ದರೆ ಮನಸ್ಸು ಕಲಿಯಬೇಕಾದ್ದು ತಿಗಣೆ ಇಲ್ಲ ಅಂತ. ಅದು ಕಲಿಯುವುದು ಬೇರೆಯೇ: ನೋಡಿದ್ದಕ್ಕೆ ಇಲ್ಲ, ನೋಡದಿದ್ದರೆ ಬರುತ್ತದೆ. ಮಳೆ ಬರಲಿ ಬಿಡಲಿ ದಿನಾ ಛತ್ರಿ ಬಿಚ್ಚಿಕೊಂಡೇ ನಡೆದರೆ ಮಳೆ ನಿಂತದ್ದು ಗೊತ್ತಾಗುವುದಾದರೂ ಹೇಗೆ? ಚಾಪೆಯ ಮೇಲೆ ಮಲಗುವುದು, ಬಸ್ಸಿನಲ್ಲಿ ನಿಂತೇ ಹೋಗುವುದು, ಎಲ್ಲ ಅದೇ ಛತ್ರಿ.

ಏನು ಮಾಡಬಹುದು ಅನ್ನುವುದಕ್ಕೆ ಬರುತ್ತೇನೆ. ಮೊದಲು ಬೇಡದವು.

ಸ್ಪ್ರೇ ಇವತ್ತೇ ನಿಲ್ಲಿಸಿ. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. 2022ರಲ್ಲಿ ಬೆಂಗಳೂರಿನ ಒಂದು ಮನೆಯಲ್ಲಿ ತಿಗಣೆಗೆ ಹೊಡೆದ ಔಷಧದಿಂದ ಎಂಟು ವರ್ಷದ ಮಗುವೇ ಸತ್ತಿತು. ಹುಳ ಕಾಣದಿದ್ದರೂ ವಾರ ವಾರ ಮಗು ಮಲಗುವ ಜಾಗಕ್ಕೆ ವಿಷ ಹೊಡೆಯುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಕಾಳಿಗೆ ಇಡುವ ಮಾತ್ರೆಯನ್ನು ಕೋಣೆಯಲ್ಲಿಟ್ಟು ಬಾಗಿಲು ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಲೇಬೇಡಿ. ಅದರಿಂದ ಬರುವ ಫಾಸ್ಫೀನ್ ಗಾಳಿ ಜೀವ ತೆಗೆಯುತ್ತದೆ, ಪಕ್ಕದ ಮನೆಯವರ ಜೀವವನ್ನೂ. ಮಂಚಕ್ಕೆ ಸೀಮೆಎಣ್ಣೆ ಬಳಿಯುವುದು ಬೆಂಕಿಗೆ ದಾರಿ. ಬೇವಿನ ಸೊಪ್ಪು, ಕರ್ಪೂರ, ನುಸಿಗುಳಿಗೆಗಳಿಂದ ತಿಗಣೆ ಹೋಗುವುದಿಲ್ಲ, ಅವು ಮನಸ್ಸಿನ ತೃಪ್ತಿಗೆ ಅಷ್ಟೇ.

ಮನೆ ಬದಲಾಯಿಸುವುದು. ಖರ್ಚಿನ ಮಾತು ಬಿಡಿ, ಅದರಿಂದ ನಿಮಗೆ ಸಿಗುವ ನೆಮ್ಮದಿ ಹದಿನೈದು ದಿನದ್ದು. ಭಯಕ್ಕೆ ಮೂರು ಸಲ ರೂಮು ಬದಲಾಯಿಸಿದ ಹುಡುಗನೊಬ್ಬ ನನ್ನ ಹತ್ತಿರ ಬಂದಿದ್ದ. ಪ್ರತಿ ಹೊಸ ರೂಮಿನಲ್ಲೂ ಮೊದಲಿಗೆ ಮಾಡುತ್ತಿದ್ದದ್ದು ಹಾಸಿಗೆ ಮಗುಚಿ ಹುಡುಕುವುದು. ಹೊಸ ಮನೆಯಲ್ಲಿ ಮೊದಲು ಯಾರಿದ್ದರು, ಅವರಿಗೆ ತಿಗಣೆ ಇತ್ತಾ ಅಂತ ನಿಮಗೆ ಗೊತ್ತಿರುವುದಿಲ್ಲ. ಈ ಮನೆಯ ಬಗ್ಗೆಯಾದರೂ ನಾಲ್ಕು ತಿಂಗಳ ಪುರಾವೆ ನಿಮ್ಮ ಕೈಯಲ್ಲಿದೆ. ಹಾಸಿಗೆ ಎಸೆಯುವುದೂ ಬೇಡ. ಅದು ಹಳತಾಗಿದ್ದು ಹೇಗೂ ಬದಲಾಯಿಸಬೇಕಿದ್ದರೆ ಬೇರೆ ಮಾತು. ಬೇಕಾದರೆ ಸುತ್ತಲೂ ಮುಚ್ಚುವ, ಜಿಪ್ ಇರುವ ಬಿಳಿ ಕವರ್ ಹಾಕಿಬಿಡಿ. ಒಳಗೆ ಏನಿದ್ದರೂ ಹೊರಗೆ ಬರುವುದಿಲ್ಲ, ಹೊರಗೆ ಚುಕ್ಕಿ ಬಿದ್ದರೆ ತಕ್ಷಣ ಕಾಣುತ್ತದೆ.

ಮೆಡಿಕಲ್ ಶಾಪಿನಿಂದ ನೀವೇ ನಿದ್ದೆ ಮಾತ್ರೆ ತರಬೇಡಿ. ನಿದ್ದೆ ಬರುತ್ತದೆ, ಹೌದು. ಆದರೆ ಕೆಲವೇ ವಾರಗಳಲ್ಲಿ ಅದಿಲ್ಲದೆ ನಿದ್ದೆ ಬಾರದ ಹಾಗೆ ಆಗುತ್ತದೆ.

ಇನ್ನು ಮಾಡಬೇಕಾದ್ದು. ಹುಡುಕುವುದನ್ನು ಪೂರ್ತಿ ಬಿಡಿ ಅಂತ ನಾನು ಹೇಳುವುದಿಲ್ಲ. ಹೇಳಿದರೂ ನೀವು ಬಿಡುವುದಿಲ್ಲ. ಅದಕ್ಕೊಂದು ವೇಳೆ ಕೊಡಿ. ಭಾನುವಾರ ಬೆಳಿಗ್ಗೆ, ಹಗಲ ಬೆಳಕಿನಲ್ಲಿ, ಹದಿನೈದು ನಿಮಿಷ. ಹಾಸಿಗೆಯ ನಾಲ್ಕು ಅಂಚಿನ ಹೊಲಿಗೆ, ತಲೆದಿಂಬಿನ ಕಡೆಯ ಹಲಗೆ, ಮಂಚದ ಕೂಡುವ ಸಂದು, ಗೋಡೆಗೆ ತಾಗುವ ಜಾಗ. ಮುಗಿದ ಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮನೆಯಲ್ಲಿ "ಇಲ್ಲ" ಅಂತ ಬರೆಯಿರಿ. ಮುಂದಿನ ಭಾನುವಾರದವರೆಗೆ ಆ ಖಾತೆ ಬಂದ್. ಎರಡು ತಿಂಗಳಾದ ಮೇಲೆ ತಿಂಗಳಿಗೊಮ್ಮೆ ಸಾಕು. ಆಮೇಲೆ ಹಬ್ಬದ ಸ್ವಚ್ಛತೆಯ ಜೊತೆ ಸಾಕು.

ವಾರದ ನಡುವೆ ಕಾವಲು ಕಾಯಲು ಬೇರೆಯವರನ್ನು ಇಡೋಣ. ಹಿಂದೆಲ್ಲ ಮಂಚದ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ಇಡುತ್ತಿದ್ದರು, ನಿಮ್ಮ ಅತ್ತೆಗೆ ನೆನಪಿರುತ್ತದೆ. ಉಪಾಯ ಒಳ್ಳೆಯದು. ಆದರೆ ಡೆಂಗಿ ಕಾಲದಲ್ಲಿ ನೀರು ನಿಲ್ಲಿಸಬಾರದು. ಒಣ ಪ್ಲಾಸ್ಟಿಕ್ ಬಟ್ಟಲು ಸಾಕು. ನುಣುಪಾದ ಒಳಗೋಡೆಗೆ ತೆಳ್ಳಗೆ ಟಾಲ್ಕಮ್ ಪೌಡರ್ ಸವರಿ, ಹೊರಗೋಡೆಗೆ ಒರಟು ಟೇಪ್ ಸುತ್ತಿ. ಹೊರಗಿನಿಂದ ಹತ್ತಿದ ತಿಗಣೆ ಒಳಗೆ ಬೀಳುತ್ತದೆ, ಜಾರುವುದರಿಂದ ಮೇಲೆ ಬರಲಾಗುವುದಿಲ್ಲ. ಮಂಚ ಗೋಡೆಗೆ ತಾಗದಿರಲಿ, ಹೊದಿಕೆ ನೆಲಕ್ಕೆ ಇಳಿಯದಿರಲಿ. ಬಟ್ಟಲು ನೋಡುವುದೂ ಭಾನುವಾರವೇ. ದಿನಕ್ಕೆ ನಾಲ್ಕು ಸಲ ಬಗ್ಗಿ ನೋಡಿದರೆ ಅದೂ ಇನ್ನೊಂದು ಟಾರ್ಚ್ ಆಗುತ್ತದೆ.

ಮಂಚಕ್ಕೆ ವಾಪಸ್ ಹೋಗುವುದು ಒಂದೇ ರಾತ್ರಿಯ ಕೆಲಸ ಅಂದುಕೊಳ್ಳಬೇಡಿ. ಶಾಲೆ ಬಿಟ್ಟು ಬಂದ ಮೇಲೆ ಅರ್ಧ ಗಂಟೆ ಮಂಚದ ಮೇಲೆ ಕೂತು ಹೋಮ್‌ವರ್ಕ್ ಪುಸ್ತಕ ತಿದ್ದಿ. ಕೂರುವ ಮೊದಲು ಹಾಸಿಗೆ ಕೊಡವಬಾರದು, ಎದ್ದ ಮೇಲೆ ಸೀರೆ ಕೊಡವಬಾರದು. ಎದೆ ಹೊಡೆದುಕೊಳ್ಳುತ್ತದೆ. ಹೊಡೆದುಕೊಳ್ಳಲಿ. ಏಳದೆ ಕೂತರೆ ಅದು ತಾನಾಗಿ ಇಳಿಯುತ್ತದೆ. ಇಳಿಯುವವರೆಗೆ ಕೂತಿರುವುದೇ ಇಲ್ಲಿ ಔಷಧ. ಒಂದು ವಾರ ಹೀಗೆ. ಮುಂದಿನ ವಾರ ರಜೆಯ ಮಧ್ಯಾಹ್ನ ಮಗಳ ಪಕ್ಕ ಮಲಗಿ ಕಥೆ ಹೇಳಿ. ಆಮೇಲೆ ರಾತ್ರಿ ಹನ್ನೊಂದರವರೆಗೆ ಮಂಚ, ಆಮೇಲೆ ಚಾಪೆ. ಆಮೇಲೆ ಪೂರ್ತಿ ರಾತ್ರಿ. ಒಂದು ಮೆಟ್ಟಿಲಲ್ಲಿ ಹತ್ತು ದಿನ ನಿಂತರೂ ನಷ್ಟವಿಲ್ಲ. ಬಸ್ಸಿನದ್ದೂ ಹೀಗೇ, ಮೊದಲು ಎರಡು ಸ್ಟಾಪ್ ಕೂತು ಹೋಗಿ.

ಎರಡೂವರೆಗೆ ಎಚ್ಚರವಾಗುವುದು ಕೆಲ ದಿನ ನಿಲ್ಲುವುದಿಲ್ಲ, ಅದೀಗ ಮೈಗೆ ಅಭ್ಯಾಸವಾಗಿದೆ. ಫೋನ್ ಇನ್ನೊಂದು ಕೋಣೆಯಲ್ಲಿರಲಿ. ಗಂಟೆ ನೋಡಬೇಡಿ. ಹರಿದ ಹಾಗೆ ಆದರೆ ಅಂಗೈ ಆ ಜಾಗದ ಮೇಲಿಟ್ಟು ಸುಮ್ನೆ ಒತ್ತಿ ಹಿಡಿಯಿರಿ, ಕೆರೆಯಬೇಡಿ. ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಬಟ್ಟೆ ಮಡಚಿ, ತೂಕಡಿಕೆ ಬಂದಾಗ ವಾಪಸ್ ಹೋಗಿ. ಬೆಳಿಗ್ಗೆ ಏಳುವ ಹೊತ್ತು ಮಾತ್ರ ಬದಲಾಗಬಾರದು, ಭಾನುವಾರವೂ.

ಮೊದಲ ಎರಡು ವಾರ ಭಯ ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತದೆ. ಇದನ್ನು ಮೊದಲೇ ಹೇಳಿರುತ್ತೇನೆ, ಯಾಕೆಂದರೆ ಎಷ್ಟೋ ಜನ ಅಲ್ಲೇ ಬಿಟ್ಟುಬಿಡುತ್ತಾರೆ. ಕಾವಲುಗಾರನ ಮಾತು ಕೇಳುವುದನ್ನು ಬಿಟ್ಟಾಗ ಅವನು ಇನ್ನೂ ಜೋರಾಗಿ ಬಾಗಿಲು ಬಡಿಯುತ್ತಾನೆ. ಮೂರನೇ ವಾರದ ಹೊತ್ತಿಗೆ ಸುಸ್ತಾಗುತ್ತಾನೆ.

ನಿಮ್ಮ ಯಜಮಾನರಿಗೂ ಎರಡು ಮಾತು. ಅವರಿಗೂ ಇದನ್ನು ಓದಲು ಕೊಡಿ. "ನಿನ್ನ ತಲೆಯಲ್ಲಿದೆ" ಅನ್ನುವುದು ಸರಿಯೇ ಇರಬಹುದು ಸರ್, ಆದರೆ ಆ ಮಾತು ಕೇಳಿದವರಿಗೆ ಒಂಟಿತನ ಬಿಟ್ಟು ಇನ್ನೇನೂ ಸಿಗುವುದಿಲ್ಲ. ಹಾಗಂತ "ನೋಡಿ, ಇಲ್ಲ ಅಲ್ವಾ?" ಅಂತ ಅವರು ಹತ್ತು ಸಲ ಕೇಳಿದಾಗ ಹತ್ತು ಸಲವೂ ಎದ್ದು ನೋಡಿ "ಇಲ್ಲ" ಅನ್ನುವುದೂ ಉಪಕಾರವಲ್ಲ. ಒಂದೇ ಉತ್ತರ ಇಟ್ಟುಕೊಳ್ಳಿ: "ಭಾನುವಾರ ಇಬ್ಬರೂ ಸೇರಿ ನೋಡೋಣ." ಭಾನುವಾರ ನಿಜವಾಗಿಯೂ ಜೊತೆಗೆ ಕೂತು ನೋಡಿ.

ಮತ್ತೆ ಬಂದರೆ? ಆ ಪ್ರಶ್ನೆಯನ್ನು ತಳ್ಳಬೇಡಿ, ಉತ್ತರ ಬರೆದಿಟ್ಟುಕೊಳ್ಳಿ. ಹುಳ ಕಂಡರೆ ಹೊಸಕಬೇಡಿ, ಸೆಲ್ಲೋಟೇಪಿಗೆ ಅಂಟಿಸಿ ಕಾಗದದ ಮೇಲೆ ಹಚ್ಚಿ. ದೊಡ್ಡ ತಿಗಣೆ ಮಸೂರಿ ಬೇಳೆಯಷ್ಟು, ಚಪ್ಪಟೆ, ಕಂದು. ಅದೇ ಹೌದು ಅಂತಾದರೆ ಪೆಸ್ಟ್ ಕಂಟ್ರೋಲ್‌ನವರನ್ನು ಕರೆಯಿರಿ. ಹತ್ತು ಹದಿನಾಲ್ಕು ದಿನದ ಅಂತರದಲ್ಲಿ ಎರಡು ಮೂರು ಸಲ ಹೊಡೆಯಬೇಕು, ಯಾಕೆಂದರೆ ಔಷಧಕ್ಕೆ ಮೊಟ್ಟೆ ಸುಲಭಕ್ಕೆ ಸಾಯುವುದಿಲ್ಲ. ಬಟ್ಟೆಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆದರೆ ಹುಳವೂ ಉಳಿಯದು, ಮೊಟ್ಟೆಯೂ ಉಳಿಯದು. ಜನವರಿಯಲ್ಲಿ ನಿಮಗೆ ಗೊತ್ತಾಗುವಷ್ಟರಲ್ಲಿ ವಾರಗಳೇ ಕಳೆದಿದ್ದವು. ಈಗ ಒಂದು ಬಂದರೂ ಮೊದಲ ಭಾನುವಾರವೇ ಸಿಕ್ಕಿಬೀಳುತ್ತದೆ.

ಆರು ವಾರ ಇದನ್ನೆಲ್ಲ ಮಾಡಿಯೂ ನಿದ್ದೆ ಬಾರದಿದ್ದರೆ, ಕ್ಲಾಸಿನಲ್ಲಿ ಪಾಠ ಮಾಡಲಾಗದಷ್ಟು ಸುಸ್ತಾದರೆ, ಸದಾ ಅಳು ಬರುತ್ತಿದ್ದರೆ ಮನೋವೈದ್ಯರನ್ನು ಕಾಣಿ. ಬದುಕೇ ಬೇಡ ಅನ್ನಿಸಿದರೆ ಆ ದಿನವೇ ಕಾಣಿ. ಆತಂಕಕ್ಕೆ ಕೊಡುವ, ಅಭ್ಯಾಸ ಹತ್ತಿಸದ ಔಷಧಗಳಿವೆ. ಕೆಲಸ ಶುರುವಾಗಲು ಎರಡರಿಂದ ಆರು ವಾರ ಬೇಕು, ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಬಹುದು. ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಯಾರ ಕಣ್ಣಿಗೂ ಬೀಳದೆ ಮೊದಲು ಮಾತಾಡಬೇಕು ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರಿನಲ್ಲಿ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಅದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ರಾತ್ರಿ ಎರಡೂವರೆಗೆ ಮಾಡಿದರೂ ಎತ್ತುತ್ತಾರೆ.

ಕೊನೆಗೆ ಪಂಚಮಿ. ಹಾವೇರಿಗೆ ಹೋಗಿ. ನಿಮ್ಮ ಮನೆಯಲ್ಲಿ ನಾಲ್ಕು ತಿಂಗಳಿಂದ ತಿಗಣೆಯ ಗುರುತಿಲ್ಲ, ಒಯ್ಯಲು ನಿಮ್ಮ ಹತ್ತಿರ ಏನೂ ಇಲ್ಲ. ಮನಸ್ಸಿನ ಸಮಾಧಾನಕ್ಕೆ ಬೇಕಾದರೆ ಒಗೆದು ಇಸ್ತ್ರಿ ಮಾಡಿದ ಬಟ್ಟೆ ತುಂಬಿಕೊಳ್ಳಿ. ಅಲ್ಲಿ ಬ್ಯಾಗನ್ನು ಹಾಸಿಗೆಯ ಮೇಲಿಡದೆ ಗೂಟಕ್ಕೆ ತೂಗುಹಾಕಿ. ಬಂದ ದಿನ ಬಟ್ಟೆ ನೇರ ಒಗೆಯಲು ಹಾಕಿ. ಅಷ್ಟೇ. ಅವ್ವನ ಮನೆಯಲ್ಲಿ ಹಾಸಿಗೆ ಮಗುಚಿ ನೋಡುವಂತಿಲ್ಲ, ಟಾರ್ಚ್ ಹಾಕುವಂತಿಲ್ಲ. ಅಲ್ಲಿಯ ಒಂದು ರಾತ್ರಿ ನಿಮ್ಮ ಮೆಟ್ಟಿಲುಗಳಲ್ಲೇ ಒಂದು ಅಂತ ಇಟ್ಟುಕೊಳ್ಳಿ. ಪಂಚಮಿಗೆ ಇನ್ನೂ ವಾರಗಳಿವೆ, ಅಷ್ಟರಲ್ಲಿ ಮಧ್ಯಾಹ್ನದ ಕಥೆಯವರೆಗಾದರೂ ಬಂದಿರುತ್ತೀರಿ. ಮಗಳು ಜೋಕಾಲಿ ಆಡಲಿ. ಅಣ್ಣನಿಗೆ ಇವತ್ತು ಸಂಜೆಯೇ ಫೋನ್ ಮಾಡಿ, ಕರೆಯಲು ಬಾ ಅಂತ ಹೇಳಿ.